ಭಸ್ಮಕ್ಕೆ ಸರ್ಟಿಫಿಕೇಟ್ ಬೇಕೆ?

ಹೋಮ ಮುಗಿದ ಮೇಲೆ ಕುಂಡದ ಭಸ್ಮವನ್ನು ತುಪ್ಪದಲ್ಲಿ ಕಲಸಿ ಹಣೆಗಿಡುತ್ತಾರೆ. ನಮ್ಮಲ್ಲಿ ಅದಕ್ಕೆ ರಕ್ಷೆ ಎನ್ನುವುದು ರೂಢಿ. ಶಿವಮೊಗ್ಗ, ಭದ್ರಾವತಿಯಲ್ಲಿ ಗೃಹಪ್ರವೇಶಗಳಿಗೆ ಹೋದಾಗ ನಾನೂ ಹಣೆಯೊಡ್ಡುತ್ತೇನೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಬೆನ್ನಿಗೇ ಬರುವ ಭಾಷಣದ ಮೇಲೆ: ‘ಇದು ಬರೀ ನಂಬಿಕೆಯಲ್ಲ, ಇದರಲ್ಲಿ ಸೈನ್ಸ್ ಇದೆ.’ ಹೋಮದಿಂದ ಆಮ್ಲಜನಕ ಹುಟ್ಟುತ್ತದಂತೆ. ಭಸ್ಮ ತಿಂದರೆ ಕಾಯಿಲೆ ವಾಸಿಯಂತೆ. ಎರಚಿದರೆ ಅಡಿಕೆಯ ಕೊಳೆರೋಗ ನಿಲ್ಲುತ್ತದಂತೆ. ಈ ಮಾತುಗಳಿಂದ ವಿಜ್ಞಾನಕ್ಕಾಗುವ ಅನ್ಯಾಯಕ್ಕಿಂತ ಭಸ್ಮಕ್ಕಾಗುವ ಅನ್ಯಾಯ ದೊಡ್ಡದು ಎಂಬುದು ನನ್ನ ವಾದ.

ಮೊದಲು ಆಮ್ಲಜನಕ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಕುಲುಮೆ ಮಲೆನಾಡಿನ ಕಾಡಿನ ಇದ್ದಿಲಿನಿಂದ ಉರಿಯತೊಡಗಿತು. ಕುಲುಮೆ ಉರಿಯಬೇಕಾದರೆ ಹೊರಗಿನಿಂದ ಗಾಳಿ ಊದುತ್ತಲೇ ಇರಬೇಕು. ಬೆಂಕಿ ಗಾಳಿಯನ್ನು ತಿನ್ನುತ್ತದೆ, ಹಡೆಯುವುದಿಲ್ಲ. ತುಪ್ಪ ಸುರಿದ ಮಾತ್ರಕ್ಕೆ ಅದರ ಸ್ವಭಾವ ಬದಲಾಗದು.

ಇನ್ನು ಕೊಳೆರೋಗ. ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರಿಸಿದರು. ಅವರು ಪ್ರಚಾರಕ್ಕೆ ತಂದ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನೇ ಇಂದಿಗೂ ನಮ್ಮ ಕೊನೆಗಾರರು ಮರ ಹತ್ತಿ ಹೊಡೆಯುತ್ತಾರೆ. ಭಸ್ಮ ನಂಬಿ ಔಷಧಿ ಬಿಟ್ಟವನ ವರ್ಷದ ಫಸಲು ನೆಲಕ್ಕುದುರಿದರೆ, ಭಾಷಣ ಮಾಡಿದವರು ಹೆಕ್ಕಲು ಬರುವುದಿಲ್ಲ.

ಬೂದಿಯಲ್ಲಿ ಏನೂ ಇಲ್ಲ ಎನ್ನುತ್ತಿಲ್ಲ. ಪೊಟ್ಯಾಶ್ ಇದೆ, ಸುಣ್ಣದ ಅಂಶವಿದೆ. ಅದಕ್ಕೇ ನಮ್ಮ ಅಜ್ಜಿಯರು ಅದರಿಂದ ಪಾತ್ರೆ ತಿಕ್ಕಿದರು, ಸೌತೆಬಳ್ಳಿಗೆ ಎರಚಿದರು, ಗೊಬ್ಬರಗುಂಡಿಗೆ ಹಾಕಿದರು. ಆದರೆ ಆ ಗುಣ ಬಚ್ಚಲೊಲೆಯ ಬೂದಿಗೂ ಇದೆ. ರಾಸಾಯನಿಕ ಗುಣವೇ ಪಾವಿತ್ರ್ಯವಾದರೆ ಹೋಮಕುಂಡಕ್ಕೂ ಬಚ್ಚಲೊಲೆಗೂ ಏನು ವ್ಯತ್ಯಾಸ? ವಿಜ್ಞಾನದ ಹೆಸರು ಹೇಳಿ ಭಸ್ಮವನ್ನು ಎತ್ತರಿಸಲು ಹೊರಟವರು ಅದನ್ನು ಬರೀ ಬೂದಿ ಮಾಡುತ್ತಾರೆ.

ಹಾಗಾದರೆ ಅದರ ಅರ್ಥವೇನು? ಬೃಹಜ್ಜಾಬಾಲ ಉಪನಿಷತ್ತು ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷೆ ಎಂದು ಐದು ಹೆಸರು ಹೇಳುತ್ತದೆ. ವಿಭೂತಿಯೆಂದರೆ ಐಶ್ವರ್ಯ. ಎಲ್ಲವೂ ಸುಟ್ಟ ಮೇಲೆ ಉಳಿದದ್ದನ್ನು ಐಶ್ವರ್ಯ ಎಂದು ಕರೆದವರು ಲೆಕ್ಕ ಬರದವರಲ್ಲ. ಆಹುತಿ ಕೊಡುವಾಗ ‘ಇದು ನನ್ನದಲ್ಲ’ ಎಂದು ಹೇಳಿಯೇ ಕೊಡುವುದು. ತುಪ್ಪ, ಸಮಿತ್ತು, ಪೂರ್ಣಾಹುತಿಯ ರೇಷ್ಮೆ, ಎಲ್ಲ ಸೇರಿ ಒಂದು ಹಿಡಿಯಾದಾಗ ಯಾವುದು ಯಾರು ತಂದದ್ದೆಂದು ಹೇಳಲಾಗದು. ಆ ಹಿಡಿ ಬೂದಿ ಕೊಟ್ಟದ್ದರ ಗುರುತು. ನನ್ನದಲ್ಲ ಎಂದು ಕೊಟ್ಟು, ಆಮೇಲೆ ಅದರಿಂದಲೇ ಆರೋಗ್ಯ, ಫಸಲು, ಲಾಭ ವಸೂಲಿ ಮಾಡಲು ಕೂರುವುದು ಕೊಟ್ಟ ಮಾತನ್ನು ಹಿಂತೆಗೆದುಕೊಂಡಂತೆ.

ಇದೇ ಜಿಲ್ಲೆಯ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕನ ಶರಣ ಪರಂಪರೆಯಲ್ಲಿ ವಿಭೂತಿ ಅಷ್ಟಾವರಣಗಳಲ್ಲೊಂದು. ಅದನ್ನು ಧರಿಸಲು ಯಜ್ಞಕುಂಡ ಬೇಕಿಲ್ಲ, ಕುಲದ ಅರ್ಹತೆ ಬೇಕಿಲ್ಲ. ಅರಿವಿಲ್ಲದೆ ಬಳಿದುಕೊಂಡರೆ ಅದು ವೇಷ ಎಂಬ ಎಚ್ಚರವೂ ಅವರಲ್ಲಿತ್ತು. ಹಚ್ಚಿಕೊಂಡವನು ಹೇಗೆ ಬದುಕುತ್ತಾನೆ ಎಂಬುದೇ ಅವರಿಗೆ ಮುಖ್ಯ.

‘ನಂಬಿಕೆಯಿಂದ ಧೈರ್ಯ ಬಂದರೆ ನಿಮಗೇನು ನಷ್ಟ?’ ಎನ್ನಬಹುದು. ಧೈರ್ಯ ಬರಲಿ. ಜ್ವರ ಬಂದ ಮಗುವಿನ ಹಣೆಗೆ ವಿಭೂತಿ ಹಚ್ಚಿ, ಅದನ್ನೆತ್ತಿಕೊಂಡು ಮೆಗ್ಗಾನ್ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ತಾಯಿಗೆ ಯಾವುದರಿಂದ ಏನು ಕೇಳಬೇಕೆಂದು ಗೊತ್ತು. ಗೊಂದಲವಿರುವುದು ಭಾಷಣಕಾರರಿಗೆ.

ಓದುವ ಹುಡುಗ ಹುಡುಗಿಯರಿಗೆ ಒಂದು ಮಾತು. ಅಂಗಡಿಯಲ್ಲಿ ಭಸ್ಮದ ಪೊಟ್ಟಣದ ಮೇಲೆ ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂದಿದ್ದರೆ, ವರದಿ ಎಲ್ಲಿ ಎಂದು ಕೇಳಿ. ಉತ್ತರ ಬಾರದಿದ್ದರೆ ಪೊಟ್ಟಣವನ್ನು ಅಲ್ಲೇ ಇಟ್ಟು ಬನ್ನಿ. ಹಣೆಯ ಮೇಲಿನ ಭಸ್ಮ ಯಾವತ್ತೂ ಆ ವರದಿಯನ್ನು ಕೇಳಿಲ್ಲ.