ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ



ತಾಂಡೂರಿನ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗನಿಗೆ ಮನೆತನದ ಇತಿಹಾಸ ತಿಳಿಯುವ ಆಸೆ ಹುಟ್ಟಿದೆಯಂತೆ. ಯಾರೋ ಒಬ್ಬರು ಏಳು ತಲೆಮಾರಿನ ವಂಶಾವಳಿ ಬರೆದು, ಚೌಕಟ್ಟು ಹಾಕಿಸಿ ಕೊಡಲು 40,000 ರೂಪಾಯಿ ಕೇಳಿದ್ದಾರಂತೆ. ಅಷ್ಟು ಹಣ ನಮ್ಮಲ್ಲಿಲ್ಲ, ಏನು ಮಾಡೋಣ ಎಂದು ಕೇಳುತ್ತಾರೆ. ಹಣವಿದ್ದರೂ ಕೊಡಬೇಡಿ ತಾಯೀ ಎಂಬುದೇ ನನ್ನ ಉತ್ತರ. ಮೊದಲು ಅಟ್ಟದ ಮೇಲಿನ ಗಂಟು ಇಳಿಸಿರಿ.

ವ್ಯಾಪಾರಸ್ಥರಾದ ನಮಗೆ ಒಂದು ಅನುಕೂಲವಿದೆ. ನಮ್ಮ ಹಿರಿಯರು ಆತ್ಮಕಥೆ ಬರೆಯಲಿಲ್ಲ, ಆದರೆ ದಿನಾಲು ಕಿರ್ದಿ ಬರೆದರು. ದೀಪಾವಳಿಗೆ ಪೂಜೆ ಮಾಡಿ ತೆರೆದ ಪುಸ್ತಕದ ಮೊದಲ ಪುಟದಲ್ಲಿ ಸಂವತ್ಸರ ಇದ್ದೇ ಇರುತ್ತದೆ. ವೀರ ನಿರ್ವಾಣ ಸಂವತ್ ಇದ್ದರೆ 527 ಕಳೆಯಿರಿ, ವಿಕ್ರಮ ಸಂವತ್ ಇದ್ದರೆ 57 ಕಳೆಯಿರಿ. ನಿಜಾಮ ಸರಕಾರದ ಕಾಗದದಲ್ಲಿ ಫಸಲಿ ಸನ್ ಇರುತ್ತದೆ, ಅದಕ್ಕೆ 590 ಕೂಡಿಸಿರಿ. ಫಸಲಿ 1357 ಎಂದರೆ 1947ರ ಅಕ್ಟೋಬರದಲ್ಲಿ ಆರಂಭವಾದ ವರ್ಷ. ದೀಪಾವಳಿ ಹೊತ್ತಿಗೆ ಈ ಲೆಕ್ಕ ಸರಿ, ಜನವರಿ ದಾಟಿದರೆ ಬಂದ ಇಸವಿಗೆ ಇನ್ನೊಂದು ಸೇರಿಸಿಕೊಳ್ಳಿ. ರೂಪಾಯಿಯಲ್ಲೂ ಎರಡು ಬಗೆ. ನಿಜಾಮರ ಹಾಲಿ ಸಿಕ್ಕಾ 7 ಕೊಟ್ಟರೆ ಬ್ರಿಟಿಷರ ಕಲ್ದಾರ್ 6 ಬರುತ್ತಿತ್ತು.

ಖರ್ಚಿನ ಕಲಮುಗಳನ್ನೇ ಹೆಚ್ಚು ನೋಡಿರಿ ಎಂದು ಹೇಳುತ್ತೇನೆ. ನಮ್ಮ ಮುತ್ತ್ಯಾನಿಗೆ ಒಬ್ಬ ತಂಗಿ ಇದ್ದಳೆಂದು ಆಯಿ ಹೇಳುತ್ತಿದ್ದಳು, ಹೆಸರು ಮಾತ್ರ ಯಾರಿಗೂ ನೆನಪಿರಲಿಲ್ಲ. ಕಿರ್ದಿಯಲ್ಲಿ ಪ್ರತಿ ವರ್ಷ ಪಂಚಮಿಗೆ ಮುಂಚೆ ಒಂದು ಸೀರೆ, ಒಂದು ಕುಪ್ಪಸ, ಕಲ್ಯಾಣಿಗೆ ಬಂಡಿ ಬಾಡಿಗೆ ಎಂದು ಬರೆದಿದೆ. ಕಲ್ಯಾಣಿ ಎಂದರೆ ಈಗಿನ ಬಸವಕಲ್ಯಾಣ. ಹೀಗೆ ಒಂಬತ್ತು ವರ್ಷ. ಹತ್ತನೆಯ ವರ್ಷ ಸೀರೆ ಇಲ್ಲ, ಬಂಡಿ ಇಲ್ಲ. ಆಕೆಯ ಹೆಸರಿನಲ್ಲಿ ಬಸದಿಗೆ 11 ರೂಪಾಯಿ ದಾನ ಎಂದಿದೆ. ಆಕೆಯ ಹೆಸರು ನಮಗೆ ಸಿಕ್ಕಿದ್ದು ಆ ಸಾಲಿನಲ್ಲಿ. ಚೌಕಟ್ಟಿನ ವಂಶಾವಳಿಯಲ್ಲಿ ಗಂಡಸರ ಹೆಸರು ಮಾತ್ರ ಇರುತ್ತದೆ, ಹೆಣ್ಣುಮಕ್ಕಳು ಇರುವುದು ಮದುವೆ, ಬಾಣಂತನ, ಹಬ್ಬದ ಖರ್ಚಿನಲ್ಲಿ.

ಓದುವುದು ಹೇಗೆ ಎಂಬುದೇ ತೊಡಕು. ಮನೆಮಾತು ಕನ್ನಡವಾದರೂ ಲೆಕ್ಕ ಮೋಡಿಯಲ್ಲಿ, ಸರಕಾರಿ ಕಾಗದ ಉರ್ದುವಿನಲ್ಲಿ. ಮಾರವಾಡಿ ಮನೆಗಳಲ್ಲಿ ಮಹಾಜನಿ. ಮಹಾಜನಿಯಲ್ಲಿ ಸ್ವರದ ಗುರುತು ಹಾಕುವುದಿಲ್ಲವಾದ್ದರಿಂದ ‘ಕಾಕಾ ಅಜಮೇರ್ ಗಯೇ’ ಎಂದು ಬರೆದದ್ದನ್ನು ‘ಕಾಕಾ ಆಜ್ ಮರ್ ಗಯೇ’ ಎಂದು ಓದಿ ಮನೆಮಂದಿಯೆಲ್ಲ ಅತ್ತ ಹಳೆಯ ಹಾಸ್ಯ ನೀವು ಕೇಳಿರಬಹುದು. ಆದ್ದರಿಂದ ಇಬ್ಬರಿಂದ ಓದಿಸಿರಿ. ಉರ್ದುವಿಗೆ ಹಣ ಕೊಟ್ಟು ಯಾರನ್ನೂ ಹುಡುಕಬೇಕಾಗಿಲ್ಲ, ನಮ್ಮ ಬಜಾರದಲ್ಲಿ ಪಕ್ಕದ ಅಂಗಡಿಯ ಹಿರಿಯರೇ ಚಹಾ ಕುಡಿಯುತ್ತ ಓದಿ ಹೇಳುತ್ತಾರೆ. ಮೋಡಿ ಬಲ್ಲವರು ಮಾತ್ರ ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅವರು ಇರುವಾಗಲೇ ಓದಿಸಿಕೊಳ್ಳಬೇಕು.

ಇನ್ನು ಕಾಗದದಲ್ಲಿ ‘ಜಿಲ್ಲಾ ಬೀದರ್’ ಎಂದು ಕಂಡ ಕೂಡಲೇ ನಾವು ಬೀದರ ಪಟ್ಟಣದಿಂದ ಬಂದವರೆಂದು ತಿಳಿಯಬೇಡಿ. 1956ರ ಅಕ್ಟೋಬರ್ 31ರವರೆಗೆ ನಾರಾಯಣಖೇಡ ತಾಲ್ಲೂಕು ಮತ್ತು ಜಹೀರಾಬಾದ್ ತಾಲ್ಲೂಕು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಮರುದಿನ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಮೇದಕಕ್ಕೆ ಹೋದವು, ತಾಂಡೂರು ಹೈದರಾಬಾದ್ ಜಿಲ್ಲೆಗೆ. 1978ರಲ್ಲಿ ತಾಂಡೂರು ರಂಗಾರೆಡ್ಡಿಗೆ ಸೇರಿತು. 2016ರಿಂದ ವಿಕಾರಾಬಾದ್ ಜಿಲ್ಲೆ, ಉಳಿದೆರಡು ಊರು ಸಂಗಾರೆಡ್ಡಿ. ತಾಂಡೂರಿನ ಅಂಗಡಿಕಟ್ಟೆ ಇದ್ದಲ್ಲೇ ಇದೆ, ಜಿಲ್ಲೆ ಮೂರು ಸಲ ಬದಲಾಗಿದೆ! ಕಾಗದದ ತಾರೀಖು ನೋಡಿ ಆಮೇಲೆ ಬಸ್ಸು ಹತ್ತಿರಿ.

ಬಸದಿಯ ಮೂರ್ತಿಗಳ ಪೀಠದಲ್ಲಿ ಸಂವತ್, ಮೂರ್ತಿ ಮಾಡಿಸಿದವರ ಹೆಸರು, ಎಷ್ಟೋ ಕಡೆ ಹೆಂಡತಿ-ಮಕ್ಕಳ ಹೆಸರೂ ಇರುತ್ತವೆ. ಉಪಾಧ್ಯೆಯವರ ಅನುಮತಿ ಕೇಳಿ ಓರೆ ಬೆಳಕಿನಲ್ಲಿ ಓದಿರಿ. ಸುಣ್ಣ, ಎಣ್ಣೆ ಹಚ್ಚಬೇಡಿ. ಚಿಕ್ಕ ಲೋಹದ ಮೂರ್ತಿಗಳು ಊರಿಂದೂರಿಗೆ ಹೋಗಿರುತ್ತವೆ ಎಂಬುದನ್ನೂ ಮರೆಯಬೇಡಿ. ಹಳೆಯ ಲಗ್ನಪತ್ರಿಕೆಗಳನ್ನು ಕೂಡಿಡಿರಿ. ಶಾಲೆಯ ದಾಖಲೆ ರಜಿಸ್ಟರ್ ಕೇಳಿ ನೋಡಿರಿ.

ಹೊಲ ಇದ್ದವರಿಗೆ ತಹಸೀಲ ಕಚೇರಿಯ 1954-55ರ ಖಾಸ್ರಾ ಪಹಣಿ ಬಹಳ ಉಪಯೋಗ. ನಕಲಿಗೆ ತಗಲುವ ಖರ್ಚು ಅಲ್ಪ. ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಕೊನೆಗೆ ಹೋಗಿರಿ. ಊರಿನ ಹೆಸರು, ಫಸಲಿ ಸನ್ ಕೈಯಲ್ಲಿಲ್ಲದೆ ಹೋದರೆ ಒಂದು ದಿನದ ವ್ಯಾಪಾರ ಕೆಟ್ಟಂತೆ.

ಚೌಕಟ್ಟಿನ ವಂಶಾವಳಿಗಳು ಹೆಚ್ಚಾಗಿ ಮಳಖೇಡದಿಂದ ಆರಂಭವಾಗುತ್ತವೆ. ತಾಂಡೂರಿಗೆ ಹತ್ತಿರದ ಊರು, ಅಮೋಘವರ್ಷನ ರಾಜಧಾನಿ, ಯಾರಿಗೆ ಬೇಡ? ಆದರೆ ಒಂಬತ್ತನೆಯ ಶತಮಾನದ ಆ ಅರಸನಿಂದ ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ತಂದು ಜೋಡಿಸುವ ಕಾಗದ ಯಾರ ಬಳಿಯೂ ನಾನು ಕಂಡಿಲ್ಲ. ಆಧಾರವಿರುವ ನಾಲ್ಕು ತಲೆಮಾರು ಸಿಕ್ಕರೆ ಅಷ್ಟೇ ಬರೆಯಿರಿ, ಪ್ರತಿ ಹೆಸರಿನ ಮುಂದೆ ಅದು ಎಲ್ಲಿ ಸಿಕ್ಕಿತೆಂದೂ ಬರೆಯಿರಿ.

ಒಂದು ಎಚ್ಚರಿಕೆ. ಖಾತೆ ಪುಸ್ತಕದಲ್ಲಿ ನಮ್ಮವರ ಹೆಸರಿಗಿಂತ ಸಾಲಗಾರರ ಹೆಸರೇ ಹೆಚ್ಚು. ಯಾರ ಬೆಳ್ಳಿ ಒತ್ತೆ ಇತ್ತು, ಯಾರ ಎತ್ತು ಹೋಯಿತು, ಎಲ್ಲ ಅಲ್ಲಿದೆ. ಅವರ ಮೊಮ್ಮಕ್ಕಳು ಇಂದು ನಮ್ಮ ಗಿರಾಕಿಗಳು, ಕೆಲವರು ನಮ್ಮ ಮಕ್ಕಳ ಜೊತೆ ಓದಿದವರು. ಮೊಬೈಲಿನಲ್ಲಿ ಫೋಟೋ ತೆಗೆದು ಬಂಧುಗಳಿಗೆ ಕಳಿಸುವ ಹುಡುಗರಿಗೆ ಆ ಪುಟಗಳನ್ನು ಕೊಡಬೇಡಿ. ನಮ್ಮ ಮನೆಯ ಕಲಮುಗಳನ್ನು ಬೇರೆ ನೋಟುಬುಕ್ಕಿನಲ್ಲಿ ಇಳಿಸಿಕೊಂಡು ಪುಸ್ತಕಕ್ಕೆ ಬಟ್ಟೆ ಸುತ್ತಿ, ಬೇವಿನೆಲೆ ಇಟ್ಟು ಕಟ್ಟಿಡಿರಿ.

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಲ್ಲಿ ಮೋಡಿ ಓದಬಲ್ಲ ಹಿರಿಯರು ಯಾರಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಅವರು ಒಪ್ಪಿದರೆ ಗಂಟು ಹೊತ್ತುಕೊಂಡು ನಾವೇ ಅವರ ಮನೆಗೆ ಬರುತ್ತೇವೆ.