ಮರಳು ನಿಂತಿತು, ಹಕ್ಕಿ ಹೋಯಿತು

ಅಲ್ಲಿ ಅತಿಥಿಯೊಬ್ಬ ಬಂದು ಮೇಜಿನ ಮೇಲೆ ಉಗುಳಿದರೆ ಅದು ಅವಮಾನವಲ್ಲ, ಮರ್ಯಾದೆ. ತನ್ನ ಮೈಯೊಳಗಿನ ನೀರನ್ನು ಎದುರಿಗಿದ್ದವರಿಗಾಗಿ ಆತ ಖರ್ಚು ಮಾಡಿದ ಎಂದು ಲೆಕ್ಕ. ಸತ್ತವನಿಗಾಗಿ ಯಾರಾದರೂ ಕಣ್ಣೀರು ಹಾಕಿದರೆ ನೋಡಿದವರು ಬೆರಗಾಗಿ ನಿಲ್ಲುತ್ತಾರೆ. ಹೆಣದ ನೀರನ್ನೂ ಹಿಂಡಿ ತೆಗೆದು ಬುಡಕಟ್ಟಿನ ಕೊಳಕ್ಕೆ ಸೇರಿಸುತ್ತಾರೆ.

ಈ ನಾಡಿನ ಹೆಸರು ಅರಾಕಿಸ್. ಯಾವ ಭೂಪಟದಲ್ಲೂ ಇದು ಸಿಗದು. ಅಮೆರಿಕದ ಫ್ರಾಂಕ್ ಹರ್ಬರ್ಟ್ ಬರೆದು, 1965ರಲ್ಲಿ ಪುಸ್ತಕವಾಗಿ ಬಂದ ‘ಡ್ಯೂನ್’ ಕಾದಂಬರಿಯ ಮರಳುಗ್ರಹ ಇದು. ಇಲ್ಲಿ ಮಳೆಯೆಂಬುದೇ ಇಲ್ಲ. ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿ ಬೀಸುವ ಬಿರುಗಾಳಿಯ ಮರಳು ಮೂಳೆಯ ಮೇಲಿನ ಮಾಂಸವನ್ನೇ ಉಜ್ಜಿ ತೆಗೆಯುತ್ತದೆ. ಬೆವರನ್ನೂ ಮೂತ್ರವನ್ನೂ ಸೋಸಿ ಮತ್ತೆ ಕುಡಿಯಲು ಕೊಡುವ ಉಡುಪು ತೊಟ್ಟರೆ ಮಾತ್ರ ಬಯಲಿನಲ್ಲಿ ಬದುಕು.

ಹಾಗಾದರೆ ನೀರು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ ಎನ್ನುವುದೇ ಕತೆಯ ಗುಟ್ಟು. ನೆಲದಡಿಯಲ್ಲಿರುವ ಒಂದು ಬಗೆಯ ಪುಟ್ಟ ಜೀವಿಗಳು ನೀರು ಕಂಡಲ್ಲಿ ಸುತ್ತುವರಿದು ಅದನ್ನು ಬಂಧಿಸಿಡುತ್ತವೆ. ಅವೇ ಬೆಳೆದು ನೂರಾರು ಮೀಟರ್ ಉದ್ದದ ಮರಳುಹುಳುಗಳಾಗುತ್ತವೆ. ಆ ಹುಳುವಿಗೆ ನೀರೇ ವಿಷ. ಗ್ರಹದ ಗಾಳಿಯಲ್ಲಿ ಪ್ರಾಣವಾಯು ತುಂಬುವುದೂ ಅದೇ ಹುಳು! ಮರುಭೂಮಿಯನ್ನು ಮರುಭೂಮಿಯಾಗಿ ಇಟ್ಟದ್ದೂ ಉಸಿರು ಕೊಟ್ಟದ್ದೂ ಒಂದೇ ಪ್ರಾಣಿ.

ಇದೆಲ್ಲ ಕಟ್ಟುಕತೆ ತಾನೆ ಎಂದು ವಿಜ್ಞಾನಿಗಳು ಸುಮ್ಮನಿರಲಿಲ್ಲ. 2021ರಲ್ಲಿ ಬ್ರಿಸ್ಟಲ್ ಮತ್ತು ಶೆಫೀಲ್ಡ್ ವಿಶ್ವವಿದ್ಯಾಲಯಗಳ ಹವಾಮಾನ ತಜ್ಞರು ಅರಾಕಿಸ್‌ನ ಬೆಟ್ಟಬಯಲು, ಕಕ್ಷೆ, ಗಾಳಿಯ ವಿವರಗಳನ್ನು ಕಂಪ್ಯೂಟರಿಗೆ ಉಣಿಸಿದರು. ನಮ್ಮ ಭೂಮಿಯ ಹವೆಯನ್ನು ಲೆಕ್ಕ ಹಾಕುವ ಮಾದರಿಯನ್ನೇ ಅದಕ್ಕೂ ಬಳಸಿದರು. ಹರ್ಬರ್ಟ್ ಬಹುಪಾಲು ಪಾಸಾದ. ಆದರೆ ಒಂದು ಕಡೆ ಎಡವಿದ್ದ. ಕಾದಂಬರಿಯಲ್ಲಿ ಜನ ನೆಲೆಸುವುದು ಧ್ರುವದ ಕಡೆಗೆ. ಲೆಕ್ಕದ ಪ್ರಕಾರ ಸಮಭಾಜಕದ ಆಸುಪಾಸೇ ವಾಸಿ: ಅಲ್ಲಿ ಬೇಸಗೆಯಲ್ಲಿ 45 ಡಿಗ್ರಿ, ತಂಪುಗಾಲದಲ್ಲೂ 15ಕ್ಕಿಂತ ಕೆಳಗಿಲ್ಲ. ಅದನ್ನು ದಾಟಿ ಮೇಲೆ ಹೋದರೆ ಬೇಸಗೆಯ ಮರಳು 70 ಡಿಗ್ರಿಗೆ ಕಾಯುತ್ತದೆ, ಧ್ರುವದ ಚಳಿಗಾಲ ಶೂನ್ಯಕ್ಕಿಂತ 75 ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ಮಳೆಯೂ ಪೂರ್ತಿ ಇಲ್ಲವೆಂದಲ್ಲ, ಬೆಟ್ಟಗಳ ಮೇಲೆ ನಾಲ್ಕು ಹನಿ ಬೀಳಬಹುದಂತೆ.

ಈ ಗ್ರಹ ಹುಟ್ಟಿದ್ದು ಮಾತ್ರ ನಿಜವಾದ ಮರಳಿನಲ್ಲಿ. 1957ರಲ್ಲಿ ಪತ್ರಕರ್ತನಾಗಿದ್ದ ಹರ್ಬರ್ಟ್, ಆರೆಗಾನ್ ರಾಜ್ಯದ ಫ್ಲಾರೆನ್ಸ್ ಎಂಬ ಕಡಲತೀರದ ಊರಿಗೆ ಹೋದ. ಅಲ್ಲಿ ಗಾಳಿಗೆ ಸರಿಯುವ ಮರಳದಿಬ್ಬಗಳು ರಸ್ತೆ, ಮನೆಗಳನ್ನು ನುಂಗುತ್ತಿದ್ದವು. ಸರ್ಕಾರದ ಕೃಷಿ ಇಲಾಖೆ ಯುರೋಪಿನ ಒಂದು ಹುಲ್ಲನ್ನು ನೆಟ್ಟು ಅವನ್ನು ಕಟ್ಟಿಹಾಕಿತ್ತು. ಅದರ ಬಗ್ಗೆ ಬರೆಯಹೊರಟ ಲೇಖನ ಅಚ್ಚಾಗಲೇ ಇಲ್ಲ. ಟಿಪ್ಪಣಿಗಳು ಮಾತ್ರ ಬೆಳೆದು ಕಾದಂಬರಿಯಾದವು. ಹಲವಾರು ಪ್ರಕಾಶಕರು ತಿರಸ್ಕರಿಸಿದ ಮೇಲೆ, ಕಾರು ರಿಪೇರಿಯ ಕೈಪಿಡಿಗಳಿಗೆ ಹೆಸರಾಗಿದ್ದ ಚಿಲ್ಟನ್ ಸಂಸ್ಥೆ ಅದನ್ನು ಪ್ರಕಟಿಸಿತು. ಹರ್ಬರ್ಟ್ ಅದನ್ನು ಅರ್ಪಿಸಿದ್ದು ಒಣನೆಲದ ಪರಿಸರ ತಜ್ಞರಿಗೆ.

ಕತೆಯೊಳಗೂ ಅಂಥ ತಜ್ಞನಿದ್ದಾನೆ. ಪಾರ್ಡಾಟ್ ಕೈನ್ಸ್ ಅವನ ಹೆಸರು. ಗ್ರಹದ ಶೇಕಡಾ 3ರಷ್ಟನ್ನು ಹಸಿರು ಮಾಡಿದರೆ ಸಾಕು, ಮುಂದಿನದನ್ನು ಗಿಡಗಳೇ ನೋಡಿಕೊಳ್ಳುತ್ತವೆ ಎಂದು ಅವನ ಲೆಕ್ಕ. ಅದಕ್ಕೆ ಮುನ್ನೂರರಿಂದ ಐನೂರು ವರ್ಷ ಬೇಕು. ಮೊಮ್ಮಕ್ಕಳ ಮೊಮ್ಮಕ್ಕಳಿಗಾಗಿ ಜನ ಹನಿ ಹನಿ ನೀರು ಕೂಡಿಡುತ್ತಾರೆ. ಆದರೆ 1976ರಲ್ಲಿ ಬಂದ ಮೂರನೆಯ ಪುಸ್ತಕದ ಹೊತ್ತಿಗೆ ಹಸಿರು ಬರತೊಡಗಿದೆ, ಮರುಭೂಮಿ ಕುಗ್ಗುತ್ತಿದೆ, ಹುಳುಗಳಿಗೆ ಅಳಿವಿನ ಭಯ ಬಂದಿದೆ.

ವಿಚಿತ್ರವೆಂದರೆ ಫ್ಲಾರೆನ್ಸ್‌ನಲ್ಲೂ ನಡೆದದ್ದು ಇದೇ. ಕಟ್ಟಿಹಾಕಲು ತಂದ ಹುಲ್ಲು ಹೇಳಿದಲ್ಲಿ ನಿಲ್ಲಲಿಲ್ಲ. ಕಡಲಂಚಿಗೆ ಮರಳಿನ ಗೋಡೆಯನ್ನೇ ಕಟ್ಟಿ, ಒಳಗಿನ ದಿಬ್ಬಗಳಿಗೆ ಹೊಸ ಮರಳು ಹೋಗದಂತೆ ಮಾಡಿತು. ಹಿಂದೆ ಪೊದೆ ಬೆಳೆಯಿತು, ಕಾಡು ಬಂತು. ಬರಿಯ ಮರಳಿನಲ್ಲೇ ಮೊಟ್ಟೆಯಿಡುವ ಸ್ನೋಯಿ ಪ್ಲವರ್ ಎಂಬ ಪುಟ್ಟ ಹಕ್ಕಿಗೆ ಜಾಗವಿಲ್ಲದಾಯಿತು. ಆ ಕರಾವಳಿಯ ಹಕ್ಕಿಯನ್ನು 1993ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಅಂದು ಹಣ ಸುರಿದು ನೆಟ್ಟ ಹುಲ್ಲನ್ನು ಈಗ ಹಣ ಸುರಿದು ಕೀಳಿಸುತ್ತಿದ್ದಾರೆ.

ನಮ್ಮಲ್ಲಿ ಬಳ್ಳಾರಿ ಜಾಲಿ ಕಂಡವರಿಗೆ ಈ ಕತೆ ಹೊಸದಲ್ಲ. ಥಾರ್ ಮರಳನ್ನು ತಡೆಯಲೆಂದು ಜೋಧಪುರ ಸಂಸ್ಥಾನ 1930ರ ದಶಕದಲ್ಲಿ ವಿಮಾನದಿಂದ ಬೀಜ ಎರಚಿಸಿದ ಮರವೂ ಇದೇ. ಸೌದೆಯನ್ನೂ ಕೊಟ್ಟಿತು, ಹುಲ್ಲುಗಾವಲನ್ನೂ ನುಂಗಿತು. ಬೋಳು ನೆಲ ಕಂಡೊಡನೆ ‘ಇದು ಪಾಳು’ ಎಂದು ತೀರ್ಮಾನಿಸುವ ಕಣ್ಣಿಗೆ ಅಲ್ಲಿ ಮೊದಲೇ ಬದುಕಿದ್ದವರು ಕಾಣುವುದಿಲ್ಲ.

ಕಾದಂಬರಿಯಲ್ಲಿ ಕೈನ್ಸ್‌ನ ಮಗನೂ ಪರಿಸರ ತಜ್ಞ. ವೈರಿಗಳು ಅವನನ್ನು ಉಡುಪು ಕಳಚಿ, ಬಾಯಾರಿ ಸಾಯಲೆಂದು ಮರಳಿನಲ್ಲಿ ಬಿಟ್ಟುಹೋಗುತ್ತಾರೆ. ಅವನು ಸಾಯುವುದು ಬಾಯಾರಿಕೆಯಿಂದಲ್ಲ. ಅವನು ಬಿದ್ದಿದ್ದ ನೆಲದಡಿಯಲ್ಲೇ ನೀರು ಸೇರಿ, ಅನಿಲ ಹುಟ್ಟಿ, ಉಬ್ಬಿ ಸಿಡಿದು ಅವನನ್ನು ಒಳಗೆಳೆದುಕೊಳ್ಳುತ್ತದೆ. ಏನಾಗುತ್ತಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಏಳಲು ಮಾತ್ರ ಆಗಲಿಲ್ಲ.