ಮನಸ್ಸಿಗೂ ಗೇಣಿಯೇ?

ಅಘನಾಶಿನಿಯ ದಂಡೆಯ ಮಿರ್ಜಾನದಿಂದ ಒಂದು ಕಾಲಕ್ಕೆ ಕಾಳುಮೆಣಸು ಹಡಗೇರುತ್ತಿತ್ತು. ಅದರ ಆಸೆಗೆ ಪೋರ್ತುಗೀಜರು ಕಡಲು ದಾಟಿ ಬಂದರು. ಕೋಟೆ ಕಟ್ಟಿದವರು ಸುತ್ತಲೂ ಕಂದಕ ತೋಡಿದರು. ಇಂದಿನ ವ್ಯಾಪಾರಿಗೆ ಹಡಗೂ ಬೇಡ, ಬಂದರವೂ ಬೇಡ. ಅವನು ನಮ್ಮ ಅಂಗೈಯ ಫೋನಿನಲ್ಲೇ ಕುಳಿತಿದ್ದಾನೆ. ಅವನು ಒಯ್ಯುವ ಸರಕು ನಮ್ಮ ಮನಸ್ಸು.

ಇದು ಬರಿಯ ಅಲಂಕಾರದ ಮಾತಲ್ಲ. 2017ರ ಡಿಸೆಂಬರ 8ರಂದು ಹೊನ್ನಾವರದ ಶೆಟ್ಟಿಕೆರೆಯಲ್ಲಿ ತರುಣನೊಬ್ಬನ ಶವ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು ಕೊಂದರೆಂಬ ಸುದ್ದಿ ಫೋನಿನಿಂದ ಫೋನಿಗೆ ಹಾರಿತು. ಮೂರು ದಿನ ಕಳೆಯುವಷ್ಟರಲ್ಲಿ, ಮಿರ್ಜಾನದ ನೆರೆಯ ಕುಮಟೆಯಲ್ಲಿ ಪೋಲೀಸ ಅಧಿಕಾರಿಯ ವಾಹನ ಸುಟ್ಟುಹೋಯಿತು. ಮರುದಿನ ಶಿರಸಿಯಲ್ಲಿ ಕಲ್ಲು ತೂರಿದರು. ಅದು ಕೊಲೆಯಲ್ಲ, ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದು ಕೇಂದ್ರ ತನಿಖಾ ದಳ ನ್ಯಾಯಾಲಯಕ್ಕೆ ವರದಿ ಕೊಟ್ಟದ್ದು 2022ರ ಅಕ್ಟೋಬರದಲ್ಲಿ. ವದಂತಿಗೆ ಮೂರು ದಿನ ಸಾಕಾಯಿತು. ತನಿಖೆಗೆ ಸುಮಾರು ಐದು ವರುಷ ಬೇಕಾಯಿತು!

ನಮ್ಮ ಜನ ಹುಚ್ಚರೆಂದು ಹೇಳಿ ಕೈ ತೊಳೆದುಕೊಳ್ಳುವ ಪಂಡಿತರಿಗೆ ನಮ್ಮ ಉತ್ತರವಿದೆ. ಅಮೇರಿಕೆಯ ಸಂಶೋಧಕರು ಟ್ವಿಟರಿನ ಸುಮಾರು 1,26,000 ಸುದ್ದಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಪ್ರಕಾರ, ನಿಜಕ್ಕಿಂತ ಸುಳ್ಳನ್ನು ಜನ ಮುಂದೆ ದಾಟಿಸುವ ಸಂಭವ ಶೇಕಡಾ 70ರಷ್ಟು ಹೆಚ್ಚು. ಈ ದೌರ್ಬಲ್ಯ ಮನುಷ್ಯಮಾತ್ರನದು, ಕುಮಟೆಯವನೊಬ್ಬನದಲ್ಲ. ಆದರೆ ಅದನ್ನು ಲಾಭಕ್ಕೆ ಹಚ್ಚಿದವರು ಯಾರು? ವದಂತಿಗಳಿಂದ ದೇಶದ ಹಲವೆಡೆ ಕೊಲೆಗಳಾದ ಮೇಲೆ, 2018ರ ಜುಲೈಯಲ್ಲಿ, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಬಾರದೆಂದು ವಾಟ್ಸಾಪ್ ಕಂಪನಿ ಭಾರತದಲ್ಲಿ ಮಿತಿ ಹಾಕಿತು. ಕಟ್ಟೆ ಹಾಕಲು ಅವರಿಗೆ ಬರುತ್ತಿತ್ತು ಎಂದಾಯಿತು. ಹೆಣ ಬೀಳುವ ತನಕ ಕಾದದ್ದೇಕೆ?

ಅದೇ ವಾಟ್ಸಾಪಿನ ಒಡೆಯನಾದ ಫೇಸ್‌ಬುಕ್, 2012ರ ಜನವರಿಯಲ್ಲಿ ಒಂದು ವಾರ 6,89,003 ಜನರಿಗೆ ಕಾಣುವ ಬರಹಗಳನ್ನು ಗುಟ್ಟಾಗಿ ಸೋಸಿತು. ಸಂತೋಷದ ಮಾತು ಕಡಿಮೆ ಕಂಡವರು ತಾವೂ ಅಂಥದನ್ನು ಕಡಿಮೆ ಬರೆದರು. ವ್ಯತ್ಯಾಸ ತೀರ ಅಲ್ಪವೆಂಬುದು ನಿಜ. ನಮ್ಮ ಪ್ರಶ್ನೆ ಅಳತೆಯದಲ್ಲ, ಹಕ್ಕಿನದು. ಹೊಸ ಔಷಧದ ಪರೀಕ್ಷೆಗೆ ರೋಗಿಯ ಒಪ್ಪಿಗೆ ಬೇಕು. ಮನಸ್ಸಿನ ಪರೀಕ್ಷೆಗೆ ಬೇಡವೆ?

ಈಗ, ತೊಟ್ಟವನನ್ನು ಇಲ್ಲದ ಲೋಕದಲ್ಲಿ ತಿರುಗಾಡಿಸುವ ವರ್ಚುವಲ್ ರಿಯಾಲಿಟಿಯ ಕನ್ನಡಕ ಬಂದಿದೆ. ಅದನ್ನು ಮಾಡುವ ಆಕ್ಯುಲಸ್ ಕಂಪನಿಯನ್ನೂ 2014ರಲ್ಲಿ ಕೊಂಡದ್ದು ಫೇಸ್‌ಬುಕ್ಕೇ. ಇಂದು ಅದರ ಹೆಸರು ಮೆಟಾ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪರೀಕ್ಷೆಯೊಂದರಲ್ಲಿ ಶಾಲೆಯ ಮಕ್ಕಳು ತಮ್ಮದೇ ರೂಪ ತಿಮಿಂಗಿಲದೊಡನೆ ಈಜುವುದನ್ನು ಈ ಕನ್ನಡಕದಲ್ಲಿ ಕಂಡರು. ಕೆಲ ದಿನಗಳ ಮೇಲೆ ಅವರಲ್ಲಿ ಹಲವರು ಅದು ನಿಜವಾಗಿ ನಡೆಯಿತೆಂದೇ ನಂಬಿದ್ದರು. ಇದು 2009ರ ಮಾತು. 2020ರಲ್ಲಿ ಅಲ್ಲಿಯವರೇ ತೋರಿಸಿದಂತೆ, ಐದು ನಿಮಿಷಕ್ಕೂ ಕಡಿಮೆ ಹೊತ್ತಿನ ತಲೆ ಕೈಗಳ ಚಲನೆಯಿಂದ 511 ಜನರಲ್ಲಿ ಶೇಕಡಾ 95ರಷ್ಟು ಮಂದಿಯನ್ನು ಯಂತ್ರ ಗುರುತಿಸಿತು. ಮುಖ ಮುಚ್ಚಿಕೊಂಡರೂ ನಡೆ ಹೇಳಿಬಿಡುತ್ತದೆ!

ಯಂತ್ರವನ್ನು ಹೊಳೆಗೆ ಎಸೆಯಿರೆಂದು ನಾವು ಹೇಳುವವರಲ್ಲ. ಕೊಲ್ಲಿ ದೇಶದಲ್ಲಿ ದುಡಿಯುವ ಮಗನ ಮುಖವನ್ನು ಭಟ್ಕಳದ ತಾಯಿ ದಿನವೂ ಕಾಣುವುದು ಫೋನಿನಲ್ಲೇ. ಎತ್ತರಕ್ಕೆ ಅಂಜುವವರ ಅಂಜಿಕೆ ಬಿಡಿಸಲು ವೈದ್ಯರು ಈ ಕನ್ನಡಕವನ್ನೇ ಬಳಸುತ್ತಾರೆ. ತಪ್ಪು ವಿದ್ಯೆಯದಲ್ಲ, ಒಡೆತನದ್ದು.

ಈ ಜಿಲ್ಲೆಯ ಗೇಣಿದಾರ ಹಿಂದೆ ಕೇಳಿದ್ದು ಒಂದೇ ಪ್ರಶ್ನೆ: ಬೆವರು ನನ್ನದು, ಬೆಳೆ ಯಾರದು? 1974ರ ಭೂಸುಧಾರಣೆಯ ಕಾಯಿದೆ ಅದಕ್ಕೆ ಉತ್ತರ ಕೊಟ್ಟಿತು. ಇಂದು ನಮ್ಮ ಸಿಟ್ಟು, ಅಳು, ನಗು, ಕಣ್ಣಿನ ಹೊರಳು ಎಲ್ಲವೂ ಕಂಪನಿಯ ಕಣಜಕ್ಕೆ ಗೇಣಿಯಾಗಿ ಸಲ್ಲುತ್ತಿವೆ. 2023ರ ದತ್ತಾಂಶ ರಕ್ಷಣೆಯ ಕಾಯಿದೆ ಮಕ್ಕಳ ನಡತೆಯ ಮೇಲೆ ಕಣ್ಣಿಡುವುದನ್ನು ನಿಷೇಧಿಸಿದೆ, ಒಳ್ಳೆಯದು. ಆದರೆ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸರಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿದೆ. ಜಮೀನುದಾರನ ಬದಲು ಶ್ಯಾನುಭೋಗ ಬಂದರೆ ರೈತನಿಗೇನು ಲಾಭ?

ನಾವು ಒತ್ತಾಯಿಸುವುದಿಷ್ಟು. ಕಂಪನಿಗಳು ನಮ್ಮ ಮೇಲೆ ನಡೆಸುವ ಪ್ರಯೋಗಗಳೆಲ್ಲ ಬಯಲಿಗೆ ಬರಲಿ. ನಮ್ಮ ವಿಶ್ವವಿದ್ಯಾಲಯಗಳು ಜನತೆಯ ಹಣದಿಂದ ಈ ಸಂಶೋಧನೆ ನಡೆಸಿ ಫಲವನ್ನು ಕನ್ನಡದಲ್ಲಿ ಜನತೆಗೇ ಕೊಡಲಿ. ವದಂತಿ ಹೇಗೆ ಹಬ್ಬುತ್ತದೆಂಬುದನ್ನು ಮಿರ್ಜಾನದ ಮಗು ಶಾಲೆಯಲ್ಲೇ ಕಲಿಯಲಿ. ಹೊಲ ಉಳುವವನದಾದರೆ ಮನಸ್ಸೂ ಮನುಷ್ಯನದೇ ಆಗಬೇಕು.